ಹಳೇ ಲೇತಿನ ಗೇರ್ ಹಲ್ಲು ಮುರಿದಿದೆಯಾ? ಯಾವ ಗೇರಿಗೆ ಯಾವ ರಿಪೇರಿ

ಹಳೇ ಲೇತ್ (ಲೋಹವನ್ನು ತಿರುಗಿಸಿ ಕೊಯ್ಯುವ ಯಂತ್ರ) ಕೈಗೆ ಬಂದ ದಿನ ನಾನು ಮೊದಲು ಹೆಡ್‌ಸ್ಟಾಕಿನ, ಅಂದರೆ ತಿರುಗುವ ಮುಖ್ಯ ದಂಡ (ಸ್ಪಿಂಡಲ್) ಕೂತಿರುವ ಪೆಟ್ಟಿಗೆಯ, ಮುಚ್ಚಳ ತೆಗೆಯುತ್ತೇನೆ. ಸ್ಪಿಂಡಲಿನ ಮೇಲಿರುವ ದೊಡ್ಡ ಗೇರಾದ ಬುಲ್ ಗೇರನ್ನು ಕೈಯಿಂದ ನಿಧಾನಕ್ಕೆ ಒಂದು ಸುತ್ತು ತಿರುಗಿಸಿ ಹಲ್ಲು ನೋಡುತ್ತೇನೆ. ಎಷ್ಟೋ ಸಲ ಒಂದೋ ಎರಡೋ ಹಲ್ಲು ಇರುವುದೇ ಇಲ್ಲ. ಹೀಗಾಗುವುದಕ್ಕೆ ಸಾಮಾನ್ಯವಾಗಿ ಕಾರಣ ಒಂದೇ. ಕೆಲಸದ ತುಂಡನ್ನು ಹಿಡಿಯುವ ಚಕ್ ಸ್ಪಿಂಡಲಿನ ಥ್ರೆಡ್ಡಿಗೆ ಕಚ್ಚಿಕೊಂಡಿರುತ್ತದೆ. ಸ್ಪಿಂಡಲ್ ತಿರುಗಬಾರದು ಅಂತ ವೇಗ ಇಳಿಸುವ ಬ್ಯಾಕ್ ಗೇರ್ ಹಾಕುತ್ತಾರೆ, ಬುಲ್ ಗೇರನ್ನು ಬೆಲ್ಟ್ ಪುಲ್ಲಿಗೆ ಸೇರಿಸುವ ಪಿನ್ ಮಾತ್ರ ಬಿಡಿಸುವುದಿಲ್ಲ. ಎಲ್ಲ ಲಾಕ್ ಆಗುತ್ತದೆ. ಆಮೇಲೆ ಚಕ್ಕಿನ ದವಡೆಗೆ ಉದ್ದನೆ ಸರಳು ಕೊಟ್ಟು ಜಗ್ಗುತ್ತಾರೆ. ಆ ಜಗ್ಗಾಟ ಪೂರ್ತಿ ಒಂದೆರಡು ಬೀಡಿನ (ಎರಕದ ಕಬ್ಬಿಣದ) ಹಲ್ಲಿನ ಮೇಲೆ ಬೀಳುತ್ತದೆ. ಬೀಡು ಬಾಗುವ ಲೋಹ ಅಲ್ಲ, ಟಕ್ ಅಂತ ಹೋಗುತ್ತದೆ.

ಹಲ್ಲು ಮುರಿದ ಕೂಡಲೇ ಜನ ಕೇಳುವುದು "ವೆಲ್ಡ್ ಮಾಡಿಸಲಾ?" ಅಂತ. ಅದಕ್ಕೂ ಮುಂಚೆ ಕೇಳಬೇಕಾದ್ದು ಮೂರು ಇವೆ. ಈ ಗೇರ್ ಎಷ್ಟು ಭಾರ ಹೊರುತ್ತದೆ? ಯಾವ ಲೋಹದ್ದು? ಹಲ್ಲಿನ ಬುಡದ ಕೆಳಗೆ ರಿಮ್ಮಿನಲ್ಲಿ (ಗೇರಿನ ಹೊರ ಬಳೆಯಲ್ಲಿ) ಎಷ್ಟು ದಪ್ಪ ಉಳಿದಿದೆ? ಈ ಮೂರಕ್ಕೂ ಉತ್ತರ ಸಿಕ್ಕರೆ ದಾರಿ ಹೆಚ್ಚುಕಮ್ಮಿ ತಾನೇ ಗೊತ್ತಾಗುತ್ತದೆ. ನಮ್ಮ ಹತ್ತಿರ ಯಾವ ಉಪಕರಣ ಇದೆ ಅನ್ನುವುದು ಆಮೇಲಿನ ಮಾತು.

ಒಂದು ಸಮಾಧಾನ ಇದೆ. ಬುಲ್ ಗೇರಿನ ಹಲ್ಲು ಹೋಗಿದ್ದರೂ ಲೇತ್ ನಿಲ್ಲಿಸಬೇಕಾಗಿಲ್ಲ. ಬ್ಯಾಕ್ ಗೇರ್ ಬಿಡಿಸಿ ನೇರ ಡ್ರೈವಿನಲ್ಲಿ ಓಡಿಸಿದರೆ ಆ ಹಲ್ಲುಗಳಿಗೆ ಕೆಲಸವೇ ಇರುವುದಿಲ್ಲ. ಹಾಗಾಗಿ ಅವಸರದಲ್ಲಿ ತಪ್ಪು ರಿಪೇರಿ ಮಾಡುವ ಅಗತ್ಯ ಇಲ್ಲ. ಹಾಗಂತ ಹಲ್ಲಿಲ್ಲದ ಗೇರನ್ನೇ ಬ್ಯಾಕ್ ಗೇರಿನಲ್ಲಿ ಓಡಿಸಬೇಡಿ. ಖಾಲಿ ಜಾಗ ಬಂದಾಗಲೆಲ್ಲ ಡ್ರೈವ್ ಒಂದು ಕ್ಷಣ ಕೈಬಿಟ್ಟು, ಮುಂದಿನ ಹಲ್ಲು ಪೆಟ್ಟು ತಿಂದು ಕಚ್ಚಿಕೊಳ್ಳುತ್ತದೆ. ಪ್ರತಿ ಸುತ್ತಿಗೂ ಒಂದು ಪೆಟ್ಟು. ಪಕ್ಕದ ಹಲ್ಲು ಉದುರುವುದು ಹೀಗೆಯೇ.

ಮೊದಲು ಲೋಹ ಯಾವುದು ನೋಡಿ

ಅಯಸ್ಕಾಂತ ಹಿಡಿಯಿರಿ. ಅಂಟದಿದ್ದರೆ ಅದು ಹಿತ್ತಾಳೆ, ಕಂಚು, ಅಲ್ಯೂಮಿನಿಯಂ ಅಥವಾ ಜಾಮಕ್ ಇರಬಹುದು. ಜಾಮಕ್ ಅಂದರೆ ಸತುವಿನ ಮಿಶ್ರಲೋಹ. ಅಟ್ಲಾಸ್ ಕಂಪನಿಯ ಹಳೇ 10 ಮತ್ತು 12 ಇಂಚಿನ ಲೇತ್‌ಗಳ ಚೇಂಜ್ ಗೇರ್‌ಗಳು (ಥ್ರೆಡ್ ಕೊಯ್ಯುವಾಗ ಅಳತೆಗೆ ತಕ್ಕ ಹಾಗೆ ಬದಲಿಸುವ ಗೇರ್‌ಗಳು) ಇದರಲ್ಲೇ ಎರಕ ಹೊಯ್ದವು. ಇದು ಸುಮಾರು 380 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಬ್ರೇಜಿಂಗ್ (ಹಿತ್ತಾಳೆಯಂಥ ಕಡ್ಡಿ ಕರಗಿಸಿ ಬೆಸೆಯುವ) ಟಾರ್ಚ್ ತೋರಿಸಿದರೆ ಗೇರ್ ಇರುವುದಿಲ್ಲ, ಕೊಚ್ಚೆ ಇರುತ್ತದೆ. ಅಂಥ ಗೇರನ್ನು ಬದಲಿಸುವುದೇ ಸರಿ.

ಅಯಸ್ಕಾಂತ ಅಂಟಿದರೆ ಬೀಡೋ ಉಕ್ಕೋ ತಿಳಿಯಬೇಕು. ಹಬ್ಬಿನ (ಗೇರಿನ ನಡುಭಾಗದ) ಕಾಣದ ಜಾಗದಲ್ಲಿ ಸಣ್ಣ ಡ್ರಿಲ್ಲಿನಿಂದ ಒಂದು ಗುಳಿ ಕೊರೆಯಿರಿ. ಕಪ್ಪು ಪುಡಿ ಬಂದು ಬೆರಳಿಗೆ ಮಸಿ ಹತ್ತಿದರೆ ಬೀಡು. ಸುರುಳಿ ಸುರುಳಿ ಬಂದರೆ ಉಕ್ಕು. ಹಲ್ಲಿನ ಮೇಲೆ ಅರ ಕಚ್ಚದೆ ಜಾರಿದರೆ ಗಟ್ಟಿ ಮಾಡಿದ ಉಕ್ಕು. ಅದಕ್ಕೆ ಶಾಖ ಕೊಟ್ಟರೆ ಗಟ್ಟಿತನವೇ ಹೋಗುತ್ತದೆ, ಹಾಗಾಗಿ ಹೊಸ ಗೇರ್ ಹಾಕುವುದು ಒಳ್ಳೆಯದು.

ಹಲ್ಲು ಕೂರಿಸುವುದು: ನನ್ನ ಮೊದಲ ಆಯ್ಕೆ

ಬುಲ್ ಗೇರ್ ಬೀಡಿನದಾಗಿದ್ದು, ರಿಮ್ ದಪ್ಪ ಇದ್ದು, ಹೋಗಿರುವುದು ಒಂದೆರಡು ಹಲ್ಲಾದರೆ ನಾನು ಬೆಂಕಿಯ ಹತ್ತಿರ ಹೋಗುವುದಿಲ್ಲ. ಮುರಿದ ಹಲ್ಲಿನ ಜಾಗದಲ್ಲಿ ಡವ್‌ಟೇಲ್ ಗಾಡಿ (ಬಾಯಿ ಕಿರಿದು, ತಳ ಅಗಲ ಇರುವ ತೋಡು) ಕೊರೆದು, ಅದರಲ್ಲಿ ಹೊಸ ತುಂಡು ಬಿಗಿಯಾಗಿ ಕೂರಿಸಿ, ಆ ತುಂಡಿನಿಂದ ಹಲ್ಲು ತೆಗೆಯುತ್ತೇನೆ. ಶಾಖ ಇಲ್ಲ ಅಂದರೆ ಬೋರ್ (ನಡುವಿನ ತೂತು) ಸೊಟ್ಟಗಾಗುವ, ಆರೆ (ನಡುವಿನಿಂದ ರಿಮ್ಮಿಗೆ ಹೋಗುವ ಕಡ್ಡಿ) ಬಿರುಕು ಬಿಡುವ ಭಯವೂ ಇಲ್ಲ. ಗೇರನ್ನು ಸ್ಪಿಂಡಲಿನಿಂದ ಬಿಡಿಸದೆಯೇ ಈ ಕೆಲಸ ಮಾಡಬಹುದು. ಚೆನ್ನಾಗಿ ಕೂತಿರುವ ಸ್ಪಿಂಡಲ್ ಬೇರಿಂಗನ್ನು ಒಂದು ಹಲ್ಲಿಗೋಸ್ಕರ ಕದಲಿಸಲು ಯಾರಿಗೆ ಮನಸ್ಸು ಬರುತ್ತದೆ, ಅಲ್ವಾ? ಬಿಡಿಸದೆ ಮಾಡುವುದಾದರೆ ಅರದ ಪುಡಿ ಬೇರಿಂಗಿಗೆ ಹೋಗದ ಹಾಗೆ ಬಟ್ಟೆ, ಗ್ರೀಸು ಹಚ್ಚಿ ಎಲ್ಲ ಸಂದು ಮುಚ್ಚಿ.

ರಿಮ್ ಎಷ್ಟು ದಪ್ಪ ಬೇಕು? ನಾನು ಇಟ್ಟುಕೊಂಡ ಲೆಕ್ಕ ಹೀಗಿದೆ. ಹಲ್ಲಿನ ಬುಡದಿಂದ ಕೆಳಗೆ ಹಲ್ಲಿನ ಎತ್ತರದ ಎರಡು ಪಟ್ಟು ಲೋಹ ಇರಬೇಕು. ಗಾಡಿಗೆ ಒಂದು ಪಟ್ಟು ಹೋದರೆ ಇನ್ನೊಂದು ಪಟ್ಟು ಉಳಿಯುತ್ತದೆ. ಅದಕ್ಕಿಂತ ತೆಳುವಾದರೆ ಈ ದಾರಿ ಬೇಡ.

ಇಲ್ಲಿ ಜನ ಎಡವುವುದು ಡವ್‌ಟೇಲಿನ ಓರೆಯಲ್ಲಿ. ಗಾಡಿಯ ತಳ ಅಗಲ ಆದಷ್ಟೂ ಹಿಡಿತ ಜಾಸ್ತಿ ಅನ್ನಿಸುತ್ತದೆ. ಆದರೆ ಆ ಅಗಲ ಪಕ್ಕದ ಹಲ್ಲುಗಳ ಬುಡದ ಕಡೆಗೇ ಹೋಗುತ್ತದೆ. ಒಂದು ಹಲ್ಲು ಕೂರಿಸಲು ಹೋಗಿ ಇನ್ನೆರಡರ ಪಾಯ ಅಗೆದ ಹಾಗೆ. ಓರೆ ಸ್ವಲ್ಪವೇ ಇರಲಿ. ಗಾಡಿಯ ಬಾಯಿ ಹಲ್ಲಿನ ಬುಡದಷ್ಟು ಅಗಲ ಇದ್ದರೆ ಸಾಕು.

ಕೆಲಸ ನಡೆಯುವುದು ಹೀಗೆ. ಹ್ಯಾಕ್ಸಾದಿಂದ ಎರಡು ಗೆರೆ ಕೊಯ್ದು ಮಧ್ಯದ ಲೋಹ ತೆಗೆಯಿರಿ. ಮೂಲೆಗೆ ತ್ರಿಕೋನ ಅರ ಬೇಕು. ಅದರ ಒಂದು ಮುಖವನ್ನು ಮೊದಲೇ ಗ್ರೈಂಡ್ ಮಾಡಿ ನುಣ್ಣಗೆ ಮಾಡಿಕೊಂಡರೆ, ಓರೆಯನ್ನು ಅರೆಯುವಾಗ ತಳ ತಿನ್ನುವುದಿಲ್ಲ. ಗಾಡಿಯ ಒಂದು ತುದಿ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಅಗಲ ಇರಲಿ. ಆಗ ತುಂಡು ಬೆಣೆಯ ಹಾಗೆ ಬಿಗಿಯುತ್ತದೆ. ತುಂಡಿಗೆ ನೀಲಿ (ಎಲ್ಲಿ ಒತ್ತುತ್ತದೆ ಅಂತ ತೋರಿಸುವ ಬಣ್ಣ) ಹಚ್ಚಿ ತಳ್ಳಿ, ಈಚೆ ತೆಗೆದು, ನೀಲಿ ಉಜ್ಜಿಹೋದ ಕಡೆ ಅರ ಹಾಕಿ. ಮತ್ತೆ ತಳ್ಳಿ. ನನಗೆ ಇದಕ್ಕೇ ಅರ್ಧ ದಿನ ಹೋಗುತ್ತದೆ, ಹೋಗಬೇಕು ಕೂಡ. ಕೊನೆಗೆ ಹಿತ್ತಾಳೆ ಸುತ್ತಿಗೆಯ ಸಣ್ಣ ಪೆಟ್ಟಿಗೆ ತುಂಡು ಒಳಗೆ ಹೋಗುತ್ತಾ ಹೋದ ಹಾಗೆ ಸದ್ದು ಬದಲಾಗುತ್ತದೆ. ಮೊದಲು ಡಬ್ ಡಬ್ ಅನ್ನುವುದು ಪೂರ್ತಿ ಕೂತಾಗ ಟಣ್ ಅನ್ನುತ್ತದೆ. ಆ ಟಣ್ ಬಂದ ಮೇಲೆ ಹೊಡೆಯುವುದು ನಿಲ್ಲಿಸಿ. ಬೀಡಿಗೆ ಜಾಸ್ತಿ ಬೆಣೆ ಕೊಟ್ಟರೆ ರಿಮ್ಮೇ ಸೀಳುತ್ತದೆ.

ಆಮೇಲೆ ಎರಡೂ ತುದಿಯಲ್ಲಿ, ತುಂಡು ಮತ್ತು ರಿಮ್ ಸೇರುವ ಗೆರೆಯ ಮೇಲೆಯೇ, ಅರ್ಧ ಇದರಲ್ಲಿ ಅರ್ಧ ಅದರಲ್ಲಿ ಬರುವ ಹಾಗೆ ಸಣ್ಣ ತೂತು ಕೊರೆದು, ಟ್ಯಾಪ್ ಮಾಡಿ (ಒಳಗೆ ಥ್ರೆಡ್ ಕೊಯ್ದು) ತಲೆಯಿಲ್ಲದ ಗ್ರಬ್ ಸ್ಕ್ರೂ ಬಿಗಿಯಿರಿ. ತುಂಡು ಪಕ್ಕಕ್ಕೆ ಜಾರುವುದಿಲ್ಲ. ತುಂಡೂ ಬೀಡಿನದಾಗಿದ್ದರೆ ಈ ಡ್ರಿಲ್ ನೇರ ಹೋಗುತ್ತದೆ. ಉಕ್ಕಿನದಾದರೆ ಡ್ರಿಲ್ ಮೆತ್ತಗಿನ ಕಡೆಗೆ ವಾಲುತ್ತದೆ.

ಸ್ಟಡ್ ನೆಡುವುದು

ರಿಮ್ ಡವ್‌ಟೇಲಿಗೆ ಸಾಲದು, ಆದರೆ ಗೇರಿನ ಮುಖ (ಹಲ್ಲಿನ ಉದ್ದ) ಅಗಲವಾಗಿದೆ ಅಂದರೆ ಈ ಹಳೇ ಉಪಾಯ. ಹಲ್ಲಿನ ಬುಡದ ಉದ್ದಕ್ಕೂ ಸಾಲಾಗಿ ತೂತು ಕೊರೆದು, ಟ್ಯಾಪ್ ಮಾಡಿ, ಥ್ರೆಡ್ ಇರುವ ಉಕ್ಕಿನ ಕಡ್ಡಿಗಳಾದ ಸ್ಟಡ್‌ಗಳನ್ನು ತಿರುಗಿಸಿ ನೆಡುವುದು. ಸ್ಟಡ್ಡಿನ ದಪ್ಪ ಹಲ್ಲಿನ ಬುಡಕ್ಕಿಂತ ತುಸು ಕಮ್ಮಿ ಇರಬೇಕು. 10 ಡಿಪಿ ಗೇರಿನಲ್ಲಿ (ಡಿಪಿ ಅಂದರೆ ಪಿಚ್ ವ್ಯಾಸದ ಒಂದು ಇಂಚಿಗೆ ಎಷ್ಟು ಹಲ್ಲು ಅನ್ನುವ ಲೆಕ್ಕ) ಪಿಚ್ ಗೆರೆಯ, ಅಂದರೆ ಹಲ್ಲಿನ ನಡು ಎತ್ತರದ ಗೆರೆಯ, ಮೇಲೆ ಹಲ್ಲು ಸುಮಾರು 4 ಮಿ.ಮೀ. ದಪ್ಪ ಇರುತ್ತದೆ, ಅಲ್ಲಿಗೆ ಎಂ4 ಸ್ಟಡ್ ಹೊಂದುತ್ತದೆ. 30 ಮಿ.ಮೀ. ಮುಖಕ್ಕೆ ನಾಲ್ಕೈದು ಹಿಡಿಯುತ್ತವೆ. ತಲೆಯನ್ನು ಅರದಿಂದ ಹಲ್ಲಿನ ಆಕಾರಕ್ಕೆ ತಂದರೆ ಮುಗಿಯಿತು.

ಸುಲಭ ಅನ್ನಿಸುತ್ತದೆ, ನಿಜಕ್ಕೂ ಸುಲಭ. ಆದರೆ ಎದುರು ಗೇರಿನ ಹಲ್ಲು ಪೂರ್ತಿ ಮುಖದ ಬದಲು ನಾಲ್ಕೈದು ಕಡ್ಡಿಗಳಿಗೆ ಮಾತ್ರ ಒತ್ತುತ್ತದೆ, ಅಲ್ಲಲ್ಲಿ ಬೇಗ ಸವೆಯುತ್ತದೆ. ಅಪರೂಪಕ್ಕೆ ಬ್ಯಾಕ್ ಗೇರ್ ಬಳಸುವವರಿಗೆ ಇದು ಸಾಕು. ದಿನಾ ಭಾರಿ ಕಟ್ ಹಾಕುವವರು ಸ್ಟಡ್‌ಗಳ ಮಧ್ಯದ ಜಾಗವನ್ನು ಬ್ರೇಜಿಂಗ್‌ನಿಂದ ತುಂಬಿಸಿ ಪೂರ್ತಿ ಹಲ್ಲು ಮಾಡಿಕೊಳ್ಳಬೇಕು. ಸ್ಟಡ್ ಬೇರಿನ ಹಾಗೆ ಒಳಗೆ ಹಿಡಿದಿರುವುದರಿಂದ ಬರೀ ಬ್ರೇಜಿಂಗ್‌ಗಿಂತ ಇದು ಗಟ್ಟಿ.

ಬ್ರೇಜಿಂಗ್

ಬ್ರೇಜಿಂಗ್ ಒಳ್ಳೆಯ ದಾರಿ. ಗೇರ್ ಬಿಡಿಸಿ ಈಚೆ ಬರುವಂತಿದ್ದರೆ, ಎರಡು ಮೂರು ಹಲ್ಲು ಸಾಲಾಗಿ ಹೋಗಿದ್ದರೆ, ನಾನೂ ಇದನ್ನೇ ಆರಿಸುತ್ತೇನೆ. ಬ್ರೇಜಿಂಗ್ ಕಡ್ಡಿ 880 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ಬೀಡು ಕರಗಲು 1150 ಡಿಗ್ರಿ ದಾಟಬೇಕು. ಹಾಗಾಗಿ ಗೇರ್ ಕರಗದೆ ಅದರ ಮೇಲೆ ಲೋಹ ಕೂರುತ್ತದೆ. ಸರಿಯಾಗಿ ಅಂಟಿದರೆ ಅದರ ಬಲ ಸಾಮಾನ್ಯ ಬೀಡಿಗಿಂತ ಕಮ್ಮಿಯಿಲ್ಲ. ಮೆತ್ತಗಿರುವುದರಿಂದ ಅರಕ್ಕೂ ಕಟರಿಗೂ ಚೆನ್ನಾಗಿ ಬಗ್ಗುತ್ತದೆ.

ಸರಿಯಾಗಿ ಅಂಟುವುದೇ ಕಷ್ಟ. ಬೀಡಿನಲ್ಲಿ ಗ್ರಾಫೈಟ್ ಪದರಗಳಿರುತ್ತವೆ. ಗ್ರೈಂಡರ್ ಹಾಕಿದರೆ ಆ ಗ್ರಾಫೈಟ್ ಮೇಲ್ಮೈಗೆಲ್ಲ ಸವರಿಕೊಂಡು ಬ್ರೇಜಿಂಗ್ ಲೋಹ ನೀರು ಕಂಡ ಎಣ್ಣೆಯ ಹಾಗೆ ಗುಂಡಗೆ ಓಡುತ್ತದೆ. ಮುರಿದ ಜಾಗವನ್ನು ಅರದಿಂದಲೇ ಚೊಕ್ಕ ಮಾಡಿ. ಇನ್ನೊಂದು ಶತ್ರು ಎಣ್ಣೆ. ಎಷ್ಟೋ ವರ್ಷ ಎಣ್ಣೆ ಕುಡಿದ ಬೀಡು ಬಿಸಿ ಮಾಡಿದಾಗ ಅದನ್ನು ಕಕ್ಕುತ್ತದೆ. ಒರೆಸಿ, ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಹೊಗೆ ನಿಲ್ಲುವವರೆಗೆ ಕಾಯಿರಿ. ಆಮೇಲೆ ಬ್ರಷ್ ಹಾಕಿ, ಲೋಹ ಅಂಟಲು ನೆರವಾಗುವ ಫ್ಲಕ್ಸ್ ಹಚ್ಚಿ.

ಶಾಖ ಕೊಡುವ ರೀತಿಯ ಬಗ್ಗೆ ನನ್ನ ಒಂದು ನಷ್ಟ ಹೇಳಬೇಕು. ಆರೆಗಳಿರುವ ಒಂದು ಗೇರಿಗೆ ನಾನು ಮುರಿದ ಜಾಗಕ್ಕೆ ಮಾತ್ರ ಉರಿ ಕೊಟ್ಟು ಬ್ರೇಜ್ ಮಾಡಿದೆ. ಹಲ್ಲು ಚೆನ್ನಾಗಿಯೇ ಬಂತು. ಬೆಂಚಿನ ಮೇಲೆ ತಣಿಯಲು ಬಿಟ್ಟು ಅರ ಹುಡುಕುತ್ತಿದ್ದೆ. ಹಿಂದೆ ಟಿಣ್ ಅಂತ ಸಣ್ಣ ಸದ್ದು. ಆರೆ ಅಡ್ಡಕ್ಕೆ ಬಿರುಕು ಬಿಟ್ಟಿತ್ತು. ರಿಮ್ಮಿನ ಒಂದು ಕಡೆ ಕಾದು ಹಿಗ್ಗಿ, ಆಮೇಲೆ ಕುಗ್ಗುವಾಗ ಆರೆಯನ್ನು ಎಳೆದಿತ್ತು. ಒಂದು ಹಲ್ಲಿನ ಸಮಸ್ಯೆ ಇಡೀ ಗೇರಿನ ಸಮಸ್ಯೆ ಆಯಿತು. ಆಮೇಲಿಂದ ಇಡೀ ಗೇರನ್ನು ಸಮನಾಗಿ ಬಿಸಿ ಮಾಡದೆ ಕಡ್ಡಿ ಮುಟ್ಟಿಸುವುದಿಲ್ಲ. ಮುಗಿದ ಕೂಡಲೇ ಒಣ ಬೂದಿಯಲ್ಲೋ ಸುಣ್ಣದ ಪುಡಿಯಲ್ಲೋ ಹೂತು ಮಾರನೇ ದಿನ ತೆಗೆಯುತ್ತೇನೆ. ಬೋರಿನಲ್ಲಿ ಕಂಚಿನ ಬುಶ್ ಇದ್ದರೆ ಮೊದಲೇ ತೆಗೆದಿಡಿ. ಅಕ್ಕಪಕ್ಕದ ಸಂದಿಗೆ ಕಾರ್ಬನ್ ತುಂಡು ಇಟ್ಟರೆ ಲೋಹ ಅಲ್ಲಿಗೆ ಹರಿಯುವುದಿಲ್ಲ, ಅರೆಯುವ ಕೆಲಸ ಅರ್ಧ ಕಮ್ಮಿ ಆಗುತ್ತದೆ. ಕಡ್ಡಿಯಲ್ಲಿ ಸತು ಇರುತ್ತದೆ, ಅದರ ಹೊಗೆ ಎಳೆದುಕೊಂಡರೆ ಜ್ವರ ಬರುತ್ತದೆ. ಗಾಳಿ ಆಡುವ ಕಡೆ ಮಾಡಿ.

ಆರ್ಕ್ ವೆಲ್ಡಿಂಗ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಬೀಡಿಗೆ ಸಾಮಾನ್ಯ ಉಕ್ಕಿನ ಕಡ್ಡಿ ಹಾಕಲೇಬೇಡಿ. ಬೀಡಿನಲ್ಲಿ ಸುಮಾರು 2ರಿಂದ 4 ಶೇಕಡಾ ಕಾರ್ಬನ್ ಇರುತ್ತದೆ. ಅದು ವೆಲ್ಡಿಗೆ ಸೇರಿ, ಬೇಗ ತಣಿದು, ಗಾಜಿನ ಹಾಗೆ ಗಟ್ಟಿ ಆಗುತ್ತದೆ. ಅರ ಜಾರುತ್ತದೆ, ಹಲ್ಲು ಬುಡಸಮೇತ ಕಿತ್ತು ಬರುತ್ತದೆ. ನಿಕ್ಕಲ್ ಕಡ್ಡಿಯಿಂದ ಆಗುತ್ತದೆ, ಮೇಲಿನ ಲೋಹ ಮೆತ್ತಗೂ ಬರುತ್ತದೆ, ಆದರೆ ಸೇರುವ ಗೆರೆಯಲ್ಲಿ ಗಟ್ಟಿ ಪದರ ಉಳಿಯುತ್ತದೆ. ಉಕ್ಕಿನ, ಗಟ್ಟಿ ಮಾಡದ ಗೇರಿಗೆ ಮಾತ್ರ ನಾನು ವೆಲ್ಡಿಂಗ್ ಒಪ್ಪುತ್ತೇನೆ. ಎಪಾಕ್ಸಿ ಪುಟ್ಟಿಯಿಂದ ಹಲ್ಲು ಕಟ್ಟುವ ಮಾತು ಬಿಡಿ. ಅದು ಬಣ್ಣ ಬಳಿಯುವುದಕ್ಕೆ ಮುಂಚೆ ಗುಂಡಿ ಮುಚ್ಚಲು ಇರುವ ವಸ್ತು.

ಗೇರೇ ಬದಲಿಸುವುದು

ಸಣ್ಣ ಚೇಂಜ್ ಗೇರ್ ಆದರೆ ರಿಪೇರಿಗೆ ಕೂರಬೇಡಿ. ಹಲ್ಲು ಸಣ್ಣದು, ರಿಮ್ ತೆಳು, ಅಷ್ಟು ಶ್ರಮಕ್ಕೆ ಹೊಸ ಗೇರೇ ಮಾಡಬಹುದು. ಅದು ಬರುವವರೆಗೆ ಇರುವ ಗೇರ್‌ಗಳಲ್ಲೇ ಬೇರೆ ಜೋಡಣೆಯಿಂದ ಅದೇ ಅನುಪಾತ ಸಿಗುತ್ತದಾ ನೋಡಿ. 20ಕ್ಕೆ 40 ಕೊಡುವ ಕೆಲಸವನ್ನು 30ಕ್ಕೆ 60ರಿಂದಲೂ ಮಾಡಬಹುದು.

ಹೊಸದು ತರುವ ಮುಂಚೆ ಅಳತೆ ಸರಿಯಾಗಿ ತೆಗೆಯಬೇಕು. ಹಲ್ಲು ಎಣಿಸಿ, ಮುರಿದದ್ದನ್ನೂ ಸೇರಿಸಿ. ಹೊರವ್ಯಾಸ ಅಳೆಯಿರಿ. ವ್ಯಾಸವನ್ನು ಹಲ್ಲಿನ ಸಂಖ್ಯೆಗೆ 2 ಸೇರಿಸಿ ಭಾಗಿಸಿದರೆ ಮಾಡ್ಯೂಲ್, ಅಂದರೆ ಹಲ್ಲಿನ ಗಾತ್ರದ ಮಿ.ಮೀ. ಲೆಕ್ಕ, ಬರುತ್ತದೆ. ಉದಾಹರಣೆಗೆ 56 ಹಲ್ಲು, ಹೊರವ್ಯಾಸ 73.66 ಮಿ.ಮೀ. ಇದೆ ಅನ್ನಿ. 58ರಿಂದ ಭಾಗಿಸಿದರೆ 1.27. ಇಲ್ಲಿ "ಓ, ಮಾಡ್ಯೂಲ್ 1.25 ಇರಬೇಕು, ಸ್ವಲ್ಪ ಹೆಚ್ಚುಕಮ್ಮಿ" ಅಂದುಕೊಂಡರೆ ಕೆಟ್ಟಿರಿ. 25.4ನ್ನು 1.27ರಿಂದ ಭಾಗಿಸಿ ನೋಡಿ, ಸರಿಯಾಗಿ 20 ಬರುತ್ತದೆ. ಅದು ಇಂಚಿನ ಲೆಕ್ಕದ 20 ಡಿಪಿ ಗೇರ್. 1.25ರದ್ದು ನೋಡಲು ಅದರ ತದ್ರೂಪ, ಆದರೆ ಜೋಡಿಸಿದರೆ ಸರಿಯಾಗಿ ಹೊಂದುವುದಿಲ್ಲ.

ಪ್ರೆಶರ್ ಆಂಗಲ್ (ಹಲ್ಲು ಹಲ್ಲನ್ನು ಒತ್ತುವ ಓರೆ) ಕೂಡ ನೋಡಬೇಕು. ಹಳೇ ಲೇತ್‌ಗಳಲ್ಲಿ ಬಹಳಷ್ಟು ಕಡೆ 14.5 ಡಿಗ್ರಿ ಇರುತ್ತದೆ. ಮೈಫೋರ್ಡ್ ಎಂಎಲ್7ರ ಚೇಂಜ್ ಗೇರ್‌ಗಳು 20 ಡಿಪಿ, 14.5 ಡಿಗ್ರಿ. ಸೌತ್ ಬೆಂಡ್ 9 ಇಂಚಿನವು 18 ಡಿಪಿ, 14.5 ಡಿಗ್ರಿ. ಇವತ್ತು ಸಿದ್ಧವಾಗಿ ಸಿಗುವವು ಹೆಚ್ಚಾಗಿ 20 ಡಿಗ್ರಿ. ಎರಡನ್ನೂ ಬೆರೆಸಿದರೆ ತಿರುಗುತ್ತವೆ, ಆದರೆ ಒರಟು ಸದ್ದು ಮಾಡುತ್ತಾ ಸವೆಯುತ್ತವೆ.

ನೀವೇ ಕೊಯ್ಯುವುದಾದರೆ ಸುತ್ತನ್ನು ಸಮಭಾಗ ಮಾಡುವ ಡಿವೈಡಿಂಗ್ ಹೆಡ್ ಮತ್ತು ಸರಿಯಾದ ಕಟರ್ ಬೇಕು. ಇನ್ವಲ್ಯೂಟ್ (ಗೇರ್ ಹಲ್ಲಿನ ಬಾಗಿನ) ಕಟರ್ ಒಂದು ಅಳತೆಗೆ ಎಂಟು ಇರುತ್ತವೆ. ಮೇಲಿನ 56 ಹಲ್ಲಿನ ಗೇರಿಗೆ 2ನೇ ನಂಬರ್, ಅದು 55ರಿಂದ 134ರವರೆಗೆ. ಒಂದೇ ಗೇರ್ ಬೇಕಾದರೆ ಒಂದೇ ಕಟರ್ ತಂದರೆ ಸಾಕು.

ಇನ್ನೊಂದು ಮಧ್ಯದ ದಾರಿ ಇದೆ. ಬಹಳ ಹಲ್ಲು ಹೋಗಿವೆ, ಆದರೆ ಹಬ್ ಯಾವುದಕ್ಕೋ ಸೇರಿಕೊಂಡು ಒಂದೇ ಎರಕವಾಗಿದೆ. ಆಗ ಹಲ್ಲುಗಳನ್ನೆಲ್ಲ ಟರ್ನ್ ಮಾಡಿ ತೆಗೆದು, ಹೊಸ ಬಳೆ ಬಿಗಿಯಾಗಿ ತೊಡಿಸಿ, ಪಿನ್ ಹೊಡೆದು, ಹೊಸದಾಗಿ ಹಲ್ಲು ಕೊಯ್ಯುವುದು. ಶ್ರಮ ಜಾಸ್ತಿ. ಮೂರಕ್ಕಿಂತ ಹೆಚ್ಚು ಹಲ್ಲು ಅಲ್ಲಲ್ಲಿ ಮುರಿದಿದ್ದರೆ ಮಾತ್ರ ನಾನು ಇದನ್ನು ಯೋಚಿಸುವುದು. ಹಲ್ಲು ಅಷ್ಟು ಕಡೆ ಹೋಗಿದೆ ಅಂದರೆ ಉಳಿದವೂ ಸವೆದಿರುತ್ತವೆ.

ತ್ರೀಡಿ ಪ್ರಿಂಟ್ ಮಾಡಿದ ನೈಲಾನ್ ಗೇರ್ ಚೇಂಜ್ ಗೇರಿನ ಜಾಗಕ್ಕೆ ಚೆನ್ನಾಗಿಯೇ ನಡೆಯುತ್ತದೆ. ಸದ್ದೂ ಕಮ್ಮಿ. ಎಲ್ಲಾದರೂ ಟೂಲ್ ಹೊತ್ತು ಸಾಗುವ ಕ್ಯಾರೇಜ್ ಚಕ್ಕಿಗೆ ಗುದ್ದಿದರೆ ಮೊದಲು ಅದೇ ಹೋಗಿ ಮಿಕ್ಕ ಗೇರ್‌ಗಳನ್ನು ಉಳಿಸುತ್ತದೆ. ಬ್ಯಾಕ್ ಗೇರಿಗೆ ಮಾತ್ರ ಬೇಡ. ಸಣ್ಣ ಲೇತ್‌ಗಳಲ್ಲಿ ಅದು ವೇಗವನ್ನು ಐದಾರು ಪಟ್ಟು ಇಳಿಸುತ್ತದೆ. ಬಲ ಅಷ್ಟೇ ಪಟ್ಟು ಏರುತ್ತದೆ.

ಹಲ್ಲಿನ ಆಕಾರ ತರುವುದು

ಕೂರಿಸಿದರೂ, ನೆಟ್ಟರೂ, ಬ್ರೇಜ್ ಮಾಡಿದರೂ ಕೊನೆಗೆ ಅರ ಹಿಡಿಯಲೇಬೇಕು. ಒಂದು ಮಿ.ಮೀ. ತಗಡಿನಿಂದ ಟೆಂಪ್ಲೇಟ್ ಮಾಡಿಕೊಳ್ಳಿ. ಬರೀ ಒಂದು ಹಲ್ಲಿಗೆ ಹೊಂದುವ ಟೆಂಪ್ಲೇಟ್ ಸಾಲದು. ಆಕಾರ ಸರಿ ಇದ್ದು ಹಲ್ಲು ಒಂದು ಕಡೆಗೆ ಸರಿದಿದ್ದರೂ ಅದು ತೋರಿಸುವುದಿಲ್ಲ. ಸಾಲಾಗಿ ಮೂರು ಒಳ್ಳೆಯ ಹಲ್ಲುಗಳ ಮೇಲೆ ಬೆಳಕು ನುಸುಳದ ಹಾಗೆ ಕೂರುವ ಟೆಂಪ್ಲೇಟ್ ಮಾಡಿ. ಆಮೇಲೆ ಹೊಸ ಹಲ್ಲು ಮಧ್ಯಕ್ಕೆ ಬರುವ ಹಾಗೆ ಇಟ್ಟು ನೋಡಿ. ಆಕಾರವೂ ಅಂತರವೂ ಒಟ್ಟಿಗೆ ಗೊತ್ತಾಗುತ್ತದೆ.

ಹೊಸ ಹಲ್ಲು ಪಕ್ಕದವಕ್ಕಿಂತ ಕೂದಲೆಳೆಯಷ್ಟು ತೆಳು ಇದ್ದರೆ ತೊಂದರೆಯಿಲ್ಲ. ದಪ್ಪ ಇರಬಾರದು. ದಪ್ಪ ಹಲ್ಲು ಸಂದಿಯೊಳಗೆ ಬೆಣೆಯಂತೆ ಹೊಕ್ಕು ಎರಡು ಷಾಫ್ಟನ್ನೂ ದೂರ ತಳ್ಳುತ್ತದೆ. ಸುತ್ತಿಗೊಮ್ಮೆ ಗೊರ್ ಅಂತ ಕೇಳಿದರೆ ಅದೇ ಇರಬಹುದು.

ಹಲ್ಲಿಗೆ ನೀಲಿ ಹಚ್ಚಿ, ಎದುರು ಗೇರ್ ಜೋಡಿಸಿ ಕೈಯಿಂದ ತಿರುಗಿಸಿ. ಗುರುತು ಹಲ್ಲಿನ ನಡುವಿನಲ್ಲಿ, ಮುಖದ ಉದ್ದಕ್ಕೂ ಬೀಳಬೇಕು. ತುದಿಯಲ್ಲಿ ಮಾತ್ರ ಬಿದ್ದರೆ ಅಲ್ಲಿ ಒಂದೆರಡು ಸಲ ಅರ ಆಡಿಸಿ. ಎರಡು ಗೇರಿನ ಮಧ್ಯೆ ತೆಳು ಕಾಗದದ ಪಟ್ಟಿ ಹಾಕಿ ತಿರುಗಿಸಿದರೆ ಕಾಗದ ಮಡಿಕೆ ಬಿದ್ದು ಬರಬೇಕು, ಹರಿಯಬಾರದು. ಹೊಸ ಹಲ್ಲಿನ ಜಾಗದಲ್ಲಿ ಹರಿದರೆ ಇನ್ನೂ ದಪ್ಪ ಇದೆ.

ಇದೆಲ್ಲ ಆದ ಮೇಲೆ ಎಣ್ಣೆ ಹಾಕಿ, ಬರೀ ಚಕ್ ಹಾಕಿ, ಕಟ್ ಇಲ್ಲದೆ ಹತ್ತು ನಿಮಿಷ ಬ್ಯಾಕ್ ಗೇರಿನಲ್ಲಿ ಓಡಿಸಿ. ಆಮೇಲೆ ಹಗುರ ಕಟ್. ವಾರ ಕಳೆದ ಮೇಲೆ ಮುಚ್ಚಳ ತೆಗೆದು ಹೊಳಪು ಎಲ್ಲಿ ಬಿದ್ದಿದೆ ನೋಡಿ. ಹೊಸ ಹಲ್ಲೂ ಪಕ್ಕದವೂ ಒಂದೇ ಥರ ಹೊಳೆಯುತ್ತಿದ್ದರೆ ಭಾರಿ ಕಟ್ಟಿಗೆ ಇಳಿಯಬಹುದು. ಮುಂದೆ ಚಕ್ ಕಚ್ಚಿಕೊಂಡರೆ ಬ್ಯಾಕ್ ಗೇರ್ ಮುಟ್ಟಬೇಡಿ. ಚಕ್ಕಿನ ದವಡೆಯ ಕೆಳಗೆ ಬೆಡ್ಡಿನ ಮೇಲೆ ಗಟ್ಟಿ ಮರದ ತುಂಡು ನಿಲ್ಲಿಸಿ, ಪಿನ್ ಹಾಕಿರುವ ಹಾಗೇ ಬೆಲ್ಟ್ ಪುಲ್ಲಿಯನ್ನು ಕೈಯಿಂದ ಹಿಂದಕ್ಕೆ ಥಟ್ ಅಂತ ತಿರುಗಿಸಿ. ದವಡೆ ಮರಕ್ಕೆ ಬಡಿದಾಗ ಚಕ್ ಸಡಿಲ ಆಗುತ್ತದೆ. ಒಂದು ಸಲಕ್ಕೆ ಬರದಿದ್ದರೆ ಥ್ರೆಡ್ಡಿಗೆ ತೆಳು ಎಣ್ಣೆ ಬಿಟ್ಟು ರಾತ್ರಿ ಹಾಗೇ ಇಟ್ಟು ಬೆಳಿಗ್ಗೆ ಮತ್ತೆ ನೋಡಿ.